ಹಿರಿಯರ ಹರ್ನಿಯಾ ಶಸ್ತ್ರಚಿಕಿತ್ಸೆ: ಯಾವ ಅರಿವಳಿಕೆ ಎಂದು ಕೇಳುವ ಮುನ್ನ ತಿಳಿದಿರಬೇಕಾದದ್ದು

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ 30 ವರ್ಷ ಹಮಾಲಿ ಮಾಡಿದ ನಮ್ಮ ದೊಡ್ಡಪ್ಪನವರಿಗೆ 72ನೇ ವಯಸ್ಸಿನಲ್ಲಿ ಬಲಗಡೆಯ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸಿಕೊಂಡಿತು. ನಿಂತು ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಗುಳುಗುಳು ಸದ್ದು ಮಾಡುತ್ತ ಒಳಗೆ ಸರಿಯುತ್ತಿತ್ತು. ಹೊಟ್ಟೆಯ ಗೋಡೆಯ ದುರ್ಬಲ ಜಾಗದಿಂದ ಕರುಳು ಹೀಗೆ ಹೊರಗೆ ಉಬ್ಬುವುದಕ್ಕೆ ವೈದ್ಯರು ಹರ್ನಿಯಾ ಎನ್ನುತ್ತಾರೆ, ಊರಿನಲ್ಲಿ 'ಕರುಳು ಇಳಿದೈತಿ' ಎನ್ನುತ್ತಾರೆ. ಆಸ್ಪತ್ರೆಗೆ ಕರೆದೊಯ್ದಾಗ ಶಸ್ತ್ರಚಿಕಿತ್ಸಕರು ಹೇಳಿದ್ದು ಎರಡೇ ಮಾತು: ಜಾಲರಿ ಇಟ್ಟು ಹೊಲಿಯಬೇಕು, ಬೆನ್ನಿಗೆ ಇಂಜೆಕ್ಷನ್ ಕೊಡುತ್ತೇವೆ. ಮೊದಲನೆಯ ಮಾತಿನ ಬಗ್ಗೆ ನಾವು ಹತ್ತು ಪ್ರಶ್ನೆ ಕೇಳಿದೆವು. ಎರಡನೆಯದರ ಬಗ್ಗೆಯೂ ಕೇಳಬಹುದು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಆ ದಿನ ಅವರ ಬೆನ್ನಿಗೆ ನಾಲ್ಕು ಸಲ ಸೂಜಿ ಹಾಕಿದರೂ ದಾರಿ ಸಿಗಲಿಲ್ಲ. ಕೊನೆಗೆ ಪೂರ್ಣ ಅರಿವಳಿಕೆ ಕೊಟ್ಟು ಕೆಲಸ ಮುಗಿಸಿದರು. ಗಾಯ ಚೆನ್ನಾಗಿಯೇ ಮಾಯಿತು. ಆದರೆ ಮುಂದಿನ ಎರಡು ರಾತ್ರಿ ಅವರು ವಾರ್ಡಿನ ಗೋಡೆಯನ್ನು ತಡವುತ್ತ ಚೀಲ ಎಣಿಸಿದರು. ಹತ್ತಿರ ಹೋದ ನನ್ನನ್ನು ಗಿರಣಿಯ ಮುಕಾದಮ ಎಂದು ತಿಳಿದು, "ಇನ್ನಾ ಹದಿನಾರು ಅದಾವ್ರಿ" ಎಂದರು. ಮೂರನೆಯ ದಿನ ಬೆಳಿಗ್ಗೆ ತಾವಾಗಿಯೇ ಸರಿಹೋದರು. ಅವರ ಬೆನ್ನು ವರ್ಷಗಳಿಂದ ಬಿಗಿದುಕೊಂಡಿತ್ತು ಎಂದು ನಾವು ಮೊದಲೇ ಹೇಳಿರಲಿಲ್ಲ, ಆಸ್ಪತ್ರೆಯವರೂ ಕೇಳಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಎರಡು ರಾತ್ರಿಗಳಿಂದ. ಯಾವ ಅರಿವಳಿಕೆ ಕೊಡಬೇಕೆಂಬ ತೀರ್ಮಾನ ವೈದ್ಯರದೇ. ಆದರೆ ಆ ತೀರ್ಮಾನಕ್ಕೆ ಬೇಕಾದ ಅರ್ಧ ಸಂಗತಿ ಇರುವುದು ಮನೆಯವರ ಬಳಿ, ಅದನ್ನು ಮುಂದಿಡುವ ಹೊಣೆ ನಮ್ಮದು.

ಮೊದಲ ಹೆಜ್ಜೆ: ಆಯ್ಕೆಗೆ ಸಮಯವಿದೆಯೇ ಎಂದು ತಿಳಿಯಿರಿ

ಉಬ್ಬು ಮಲಗಿದಾಗ ಒಳಗೆ ಹೋಗುತ್ತಿದ್ದರೆ, ನೋವು ಹೆಚ್ಚಿಲ್ಲದಿದ್ದರೆ, ವಿಚಾರಿಸಿ ನಿರ್ಧರಿಸಲು ವಾರಗಳಷ್ಟು ಸಮಯವಿದೆ ಎಂದು ಅರ್ಥ. ತೊಂದರೆ ಅಷ್ಟಾಗಿ ಇಲ್ಲದ ಗಂಡಸರಲ್ಲಿ ವೈದ್ಯರ ನಿಗಾದಲ್ಲಿ ಕಾಯುವುದೂ ಒಪ್ಪಿತವಾದ ಮಾರ್ಗವೇ. ಹೆಂಗಸರ ವಿಷಯ ಬೇರೆ. ಅವರಲ್ಲಿ ತೊಡೆಯ ಬುಡಕ್ಕೆ ತುಸು ಕೆಳಗೆ ಬರುವ ಫೀಮರಲ್ ಹರ್ನಿಯಾ ಹೆಚ್ಚು, ಅದರ ಕುತ್ತಿಗೆ ಕಿರಿದು, ಕರುಳು ಸಿಕ್ಕಿಹಾಕಿಕೊಳ್ಳುವ ಸಂಭವ ಹೆಚ್ಚು. ಆದ್ದರಿಂದ ಅಜ್ಜಿಯರ ತೊಡೆಸಂದಿನ ಗಂಟನ್ನು 'ನೋಡೋಣ' ಎಂದು ಮುಂದೂಡಬಾರದು.

ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನಿಂತಿತು, ನೋವು ಏರುತ್ತಿದೆ, ವಾಂತಿಯಾಗುತ್ತಿದೆ, ಗಾಳಿಯೂ ಮಲವೂ ಹೊರಗೆ ಹೋಗುತ್ತಿಲ್ಲ ಎಂದರೆ ಅದು ತುರ್ತುಸ್ಥಿತಿ. ಅಂಥ ಹೊತ್ತಿನಲ್ಲಿ ಒತ್ತಿ ಒಳಗೆ ತಳ್ಳಲು ಹೋಗದೆ, ಏನನ್ನೂ ತಿನ್ನಿಸದೆ, ಕುಡಿಸದೆ 108ಕ್ಕೆ ಕರೆ ಮಾಡಬೇಕು. ಹೊಟ್ಟೆ ತುಂಬಿ ಕರುಳು ಕಟ್ಟಿಕೊಂಡಿರುವಾಗ ಅರಿವಳಿಕೆಯ ಲೆಕ್ಕವೇ ಬದಲಾಗುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ, ಕರುಳಿನ ಒಂದು ತುಂಡನ್ನೇ ತೆಗೆಯಬೇಕಾಗಬಹುದು. ಹೀಗಾಗಿ ಹೆಚ್ಚಿನವರಿಗೆ ಕೊಳವೆ ಹಾಕಿ ಪೂರ್ಣ ಅರಿವಳಿಕೆ ಕೊಡುವುದೇ ಉಳಿದ ದಾರಿ. ವಯಸ್ಸಾದವರಲ್ಲಿ ತುರ್ತಾಗಿ ಮಾಡುವ ಹರ್ನಿಯಾ ಶಸ್ತ್ರಚಿಕಿತ್ಸೆಯು ಯೋಜಿಸಿ ಮಾಡುವುದಕ್ಕಿಂತ ಎಷ್ಟೋ ಪಟ್ಟು ಅಪಾಯಕಾರಿ. ಈ ಲೇಖನದಲ್ಲಿ ಮುಂದೆ ಹೇಳುವುದೆಲ್ಲ ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಗೆ ಸಂಬಂಧಿಸಿದ್ದು.

ಎರಡನೆಯ ಹೆಜ್ಜೆ: ಶಸ್ತ್ರಚಿಕಿತ್ಸೆ ಯಾವ ಬಗೆಯದು ಎಂದು ಕೇಳಿ

ಅರಿವಳಿಕೆಯ ಆಯ್ಕೆ ಇದರ ಮೇಲೆ ನಿಂತಿದೆ. ತೊಡೆಸಂದಿನಲ್ಲಿ ನಾಲ್ಕು ಬೆರಳಿನಷ್ಟು ಕೊಯ್ದು, ಕರುಳಿನ ಚೀಲವನ್ನು ಒಳಗೆ ಸರಿಸಿ, ಜಾಲರಿ ಇಟ್ಟು ಹೊಲಿಯುವ ತೆರೆದ ವಿಧಾನವಾದರೆ ಸ್ಥಳೀಯ, ಬೆನ್ನುಹುರಿಯ ಮತ್ತು ಪೂರ್ಣ ಅರಿವಳಿಕೆ ಮೂರೂ ಸಾಧ್ಯ. ಜನ 'ದುರ್ಬೀನಿನ ಆಪರೇಷನ್' ಎನ್ನುವ ಲ್ಯಾಪ್ರೊಸ್ಕೋಪಿಯಾದರೆ ಹೊಟ್ಟೆಗೆ ಅನಿಲ ತುಂಬಬೇಕಾಗುವುದರಿಂದ ಸಾಮಾನ್ಯವಾಗಿ ಪೂರ್ಣ ಅರಿವಳಿಕೆಯೇ ಬೇಕು. ಹಳೆಯ ಆಪರೇಷನ್ ಗಾಯದ ಮೇಲೆ ಎದ್ದ ದೊಡ್ಡ ಹರ್ನಿಯಾಕ್ಕೂ ಹಾಗೆಯೇ. ಹೊಕ್ಕುಳಿನ ಚಿಕ್ಕ ಹರ್ನಿಯಾ ಸ್ಥಳೀಯ ಅರಿವಳಿಕೆಯಲ್ಲಿ ಮುಗಿಯಬಹುದು. 'ಗಾಯ ಸಣ್ಣದು, ಬೇಗ ಮನೆಗೆ ಹೋಗಬಹುದು' ಎಂಬ ಮಾತಿಗೆ ಮನಸೋತು ಲ್ಯಾಪ್ರೊಸ್ಕೋಪಿಗೆ ಒಪ್ಪಿದವರು, ಅದರೊಂದಿಗೆ ಪೂರ್ಣ ಅರಿವಳಿಕೆಗೂ ಒಪ್ಪಿದಂತಾಯಿತು ಎಂಬುದನ್ನು ಮರೆಯಬಾರದು. ಎರಡೂ ಬದಿಯ ಹರ್ನಿಯಾ ಇದ್ದು, ಹೃದಯ ಮತ್ತು ಶ್ವಾಸಕೋಶ ಗಟ್ಟಿಯಾಗಿದ್ದರೆ ಅದು ಒಳ್ಳೆಯ ಆಯ್ಕೆಯೇ.

ಮೂರನೆಯ ಹೆಜ್ಜೆ: ಮೂರು ಬಗೆಗಳನ್ನು ಅರ್ಥಮಾಡಿಕೊಳ್ಳಿ

ಪೂರ್ಣ ಅರಿವಳಿಕೆಯಲ್ಲಿ ರಕ್ತನಾಳದ ಮೂಲಕ ಔಷಧ ಕೊಟ್ಟು ನಿದ್ರೆಗಿಂತ ಆಳವಾದ ಸ್ಥಿತಿಗೆ ಒಯ್ಯುತ್ತಾರೆ, ಗಂಟಲಿನಲ್ಲಿ ಕೊಳವೆ ಅಥವಾ ಉಸಿರಾಟದ ಮಾಸ್ಕಿನಂಥ ಸಾಧನ ಇಟ್ಟು ಉಸಿರನ್ನು ಯಂತ್ರದ ನೆರವಿನಿಂದ ನಡೆಸುತ್ತಾರೆ. ರೋಗಿಗೆ ಏನೂ ತಿಳಿಯುವುದಿಲ್ಲ, ಶಸ್ತ್ರಚಿಕಿತ್ಸಕರಿಗೆ ಸ್ನಾಯುಗಳು ಸಡಿಲವಾಗಿ ಸಿಗುತ್ತವೆ. ಎಚ್ಚರವಾದ ಮೇಲೆ ಗಂಟಲು ಕೆರೆತ, ವಾಕರಿಕೆ ಸಾಮಾನ್ಯ. ಬೀಡಿ ಸೇದಿ, ಒಲೆಯ ಹೊಗೆ ಕುಡಿದು, ಗಿರಣಿಯ ಹೊಟ್ಟಿನ ದೂಳಿನಲ್ಲಿ ಅಥವಾ ಹಟ್ಟಿ, ಸಂಡೂರಿನ ಗಣಿಗಳಲ್ಲಿ ದುಡಿದು ಸವೆದ ಶ್ವಾಸಕೋಶಗಳಿಗೆ ಇದರ ನಂತರ ಕಫ ಕಟ್ಟುವ, ನ್ಯುಮೋನಿಯಾ ಬರುವ ಸಂಭವ ಹೆಚ್ಚು. ಹರ್ನಿಯಾ ಬಂದದ್ದೇ ವರ್ಷಗಟ್ಟಲೆ ಕೆಮ್ಮಿದ್ದರಿಂದ ಎಂಬ ರೋಗಿಗಳು ನಮ್ಮ ಕಡೆ ಕಡಿಮೆಯಿಲ್ಲ. ಹಾಗೆಂದು ಪೂರ್ಣ ಅರಿವಳಿಕೆಗೆ ಹೆದರಿ ಓಡಬೇಕಾಗಿಲ್ಲ. ಇಂದಿನ ಔಷಧಗಳು ಬೇಗ ಇಳಿಯುತ್ತವೆ, ನಿಗಾ ವಹಿಸುವ ಯಂತ್ರಗಳು ನಂಬಿಕಸ್ಥವಾಗಿವೆ.

ಇಲ್ಲಿ ಒಂದು ಸಣ್ಣ ಹೊರದಾರಿ. ರಾಯಚೂರು, ಕೊಪ್ಪಳಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ, ಅದೇ ಹೈದರಾಬಾದ್ ಸಂಸ್ಥಾನದ ಹಣದಲ್ಲಿ ಅಂದಿನ ಅರಿವಳಿಕೆ ಔಷಧವಾದ ಕ್ಲೋರೋಫಾರ್ಮ್ ಕುರಿತು 1888 ಮತ್ತು 1889ರಲ್ಲಿ ಎರಡು ಆಯೋಗಗಳು ಕೂತವು. ಈ ಮತ್ತಿನಲ್ಲಿ ಸಾಯುವವರ ಉಸಿರು ಮೊದಲು ನಿಲ್ಲುತ್ತದೆಯೋ ಹೃದಯವೋ ಎಂಬುದು ಅವು ಬಿಡಿಸಹೊರಟ ಪ್ರಶ್ನೆ. ಉಸಿರನ್ನು ಕಾಯ್ದರೆ ಸಾಕು, ಹೃದಯಕ್ಕೆ ಭಯವಿಲ್ಲ ಎಂಬ ಅವುಗಳ ತೀರ್ಮಾನ ಮುಂದೆ ತಪ್ಪೆಂದು ತಿಳಿದುಬಂತು. ಇಂದು ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಕ್ಲಿಪ್ಪು, ಎದೆಗೆ ಅಂಟಿಸುವ ಇಸಿಜಿ ಪಟ್ಟಿ ಎರಡೂ ಒಟ್ಟಿಗೆ ಇರುವುದು ಉಸಿರನ್ನೂ ಹೃದಯವನ್ನೂ ಒಂದೇ ಸಮ ಕಾಯಬೇಕಾದ್ದರಿಂದ.

ಬೆನ್ನುಹುರಿಯ ಅರಿವಳಿಕೆ, ಅಂದರೆ ಎಲ್ಲರ ಬಾಯಲ್ಲಿರುವ ಸ್ಪೈನಲ್, ನಾನು ಕಂಡಂತೆ ನಮ್ಮ ಭಾಗದ ರೂಢಿಯ ಆಯ್ಕೆ. ಸೊಂಟದ ಮಟ್ಟದಲ್ಲಿ ಬೆನ್ನುಮೂಳೆಗಳ ಸಂದಿನಿಂದ ಕೂದಲಿನಷ್ಟು ಸಣ್ಣ ಸೂಜಿ ಹಾಕಿ, ಎರಡು ಮೂರು ಮಿಲಿಲೀಟರ್ ಬುಪಿವಕೇನ್ ಔಷಧವನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸುತ್ತಾರೆ. ಐದಾರು ನಿಮಿಷಗಳಲ್ಲಿ ಹೊಕ್ಕುಳಿನಿಂದ ಕೆಳಗೆ ಮರಗಟ್ಟಿ, ಎರಡು ಮೂರು ಗಂಟೆ ಹಾಗೆಯೇ ಇರುತ್ತದೆ. ಉಸಿರಾಟಕ್ಕೆ ಕೊಳವೆ ಬೇಡ, ಖರ್ಚು ಕಡಿಮೆ, ಶಸ್ತ್ರಚಿಕಿತ್ಸಕರಿಗೆ ನೆಮ್ಮದಿ. ಆದರೆ 'ವಯಸ್ಸಾದವರಿಗೆ ಸ್ಪೈನಲ್ಲೇ ಸುರಕ್ಷಿತ' ಎಂಬ ಮಾತನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. 2018ರಲ್ಲಿ ಪ್ರಕಟವಾದ ತೊಡೆಸಂದಿನ ಹರ್ನಿಯಾ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯು 65 ದಾಟಿದವರಿಗೆ ಬೆನ್ನಿನ ಅರಿವಳಿಕೆಗಿಂತ ಸ್ಥಳೀಯ ಅಥವಾ ಪೂರ್ಣ ಅರಿವಳಿಕೆಯನ್ನೇ ಸೂಚಿಸುತ್ತದೆ.

ಇದಕ್ಕೆ ಕಾರಣಗಳಿವೆ. ಸ್ಪೈನಲ್ ಕೊಟ್ಟೊಡನೆ ಕಾಲುಗಳ ರಕ್ತನಾಳಗಳು ಹಿಗ್ಗಿ ರಕ್ತದೊತ್ತಡ ಥಟ್ಟನೆ ಇಳಿಯುತ್ತದೆ. ಹರೆಯದವರ ಹೃದಯ ಅದನ್ನು ಸರಿದೂಗಿಸುತ್ತದೆ, ಬಿಪಿ ಮಾತ್ರೆ ನುಂಗುವ 75ರ ಹೃದಯಕ್ಕೆ ಅದು ಕಷ್ಟ. ಹೊರಗೆ 40 ಡಿಗ್ರಿ ದಾಟಿದ ರಾಯಚೂರಿನ ಏಪ್ರಿಲ್ ತಿಂಗಳಲ್ಲಿ, ಹಿಂದಿನ ರಾತ್ರಿಯಿಂದ ನೀರನ್ನೂ ಬಿಟ್ಟು ಬಂದ ಅಜ್ಜನ ದೇಹದಲ್ಲಿ ದ್ರವ ಮೊದಲೇ ಕಡಿಮೆ, ಅಲ್ಲಿ ಒತ್ತಡದ ಕುಸಿತ ಇನ್ನೂ ಹೆಚ್ಚು. ಎರಡನೆಯದು ಮೂತ್ರ ಕಟ್ಟುವುದು. ಕಾಲು ಆಡತೊಡಗಿದ ಮೇಲೂ ಮೂತ್ರಕೋಶ ಬಹಳ ಹೊತ್ತು ಮರಗಟ್ಟಿರುತ್ತದೆ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ಊದಿದ ಗಂಡಸರಲ್ಲಿ ಇದರಿಂದ ಕ್ಯಾಥೆಟರ್, ಅಂದರೆ ಮೂತ್ರದ ಕೊಳವೆ ಹಾಕಬೇಕಾಗಿ ಬರುವುದು ತೀರಾ ಸಾಮಾನ್ಯ. ಮೂರನೆಯದು ನಮ್ಮ ನೆಲದ್ದೇ ಆದ ತೊಡಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ದಶಕಗಟ್ಟಲೆ ಆ ನೀರು ಕುಡಿದವರ ಬೆನ್ನುಮೂಳೆಯ ನಡುವಿನ ನಾರುಗಟ್ಟುಗಳು ಸುಣ್ಣಗಟ್ಟಿ ಮೂಳೆಯಂತಾಗುತ್ತವೆ, ಬೆನ್ನು ಬಾಗುವುದಿಲ್ಲ, ಸೂಜಿ ಹೋಗಬೇಕಾದ ಸಂದು ಮುಚ್ಚಿರುತ್ತದೆ. ಮುಪ್ಪಿನ ಸವೆತವೂ ಇದೇ ಕೆಲಸ ಮಾಡುತ್ತದೆ. ನಮ್ಮ ದೊಡ್ಡಪ್ಪನವರಿಗೆ ಆದದ್ದು ಇದು. ಹಲ್ಲಿನ ಮೇಲೆ ಕಂದು ಪಟ್ಟೆ, ನೆಲದ ಮೇಲಿನ ಚೊಂಬು ಎತ್ತಲು ಇಡೀ ಮೈಯನ್ನೇ ಬಗ್ಗಿಸುವ ರೀತಿ, ಹಿಂದೆ ತಿರುಗಿ ನೋಡಲು ಕುತ್ತಿಗೆಯ ಬದಲು ಭುಜ ತಿರುಗಿಸುವ ಅಭ್ಯಾಸ ಇದ್ದರೆ ಅದನ್ನು ಅರಿವಳಿಕೆ ವೈದ್ಯರಿಗೆ ತಪ್ಪದೆ ಹೇಳಬೇಕು.

ಸ್ಪೈನಲ್ ಬಗೆಗಿನ ಒಂದು ಭಯವನ್ನು ಮಾತ್ರ ಬಿಡಬಹುದು. 'ಆ ಸೂಜಿ ಹಾಕಿದಾಗಿಂದ ಸೊಂಟ ಹೋತು' ಎನ್ನುವವರು ಪ್ರತಿ ಓಣಿಯಲ್ಲಿದ್ದಾರೆ. ಸೂಜಿ ಹಾಕಿದ ಜಾಗ ಕೆಲವು ದಿನ ನೋಯುತ್ತದೆ ನಿಜ, ಆದರೆ ಜೀವಮಾನದ ಸೊಂಟನೋವಿಗೆ ಅದು ಕಾರಣವೆಂಬುದಕ್ಕೆ ಆಧಾರವಿಲ್ಲ. ಸ್ಪೈನಲ್ ನಂತರದ ತಲೆನೋವೂ ಹರೆಯದವರಿಗೆ ಹೋಲಿಸಿದರೆ ಹಿರಿಯರಲ್ಲಿ ಕಡಿಮೆ.

ಇನ್ನು ಸ್ಥಳೀಯ ಅರಿವಳಿಕೆ. ಹಲ್ಲು ಕೀಳುವಾಗ ವಸಡಿಗೆ ಕೊಡುತ್ತಾರಲ್ಲ, ಅದೇ ಜಾತಿಯ ಔಷಧವನ್ನು ಕೊಯ್ಯುವ ಜಾಗದ ಚರ್ಮಕ್ಕೆ, ಅದರ ಕೆಳಗಿನ ಪದರಗಳಿಗೆ, ಅಲ್ಲಿ ಹಾದುಹೋಗುವ ನರಗಳ ಸುತ್ತ ಶಸ್ತ್ರಚಿಕಿತ್ಸಕರೇ ಹಂತಹಂತವಾಗಿ ಕೊಡುತ್ತಾರೆ. ರಕ್ತದೊತ್ತಡ ಕುಸಿಯುವುದಿಲ್ಲ, ಮೂತ್ರ ಕಟ್ಟುವುದು ಅಪರೂಪ, ಉಸಿರಾಟ ತನ್ನ ಪಾಡಿಗೆ ನಡೆಯುತ್ತದೆ, ಒಂದೆರಡು ಗಂಟೆಯಲ್ಲಿ ಎದ್ದು ನಡೆಯಬಹುದು. ತೆರೆದ ವಿಧಾನದಲ್ಲಿ ಮಾಡುವ, ಒಳಗೆ ಸರಿಯಬಲ್ಲ, ತೀರಾ ದೊಡ್ಡದಲ್ಲದ ಹರ್ನಿಯಾ ಇರುವ ಹಿರಿಯರಿಗೆ, ಅದರಲ್ಲೂ ಹೃದಯ ಅಥವಾ ಶ್ವಾಸಕೋಶ ದುರ್ಬಲವಾಗಿದ್ದವರಿಗೆ, ದೇಹದ ಮೇಲೆ ಅತಿ ಕಡಿಮೆ ಹೊರೆ ಹಾಕುವ ದಾರಿ ಇದೆಂದೇ ನನ್ನ ತಿಳಿವಳಿಕೆ. ಮೇಲೆ ಹೇಳಿದ ಮಾರ್ಗಸೂಚಿಯೂ ತೆರೆದ ಶಸ್ತ್ರಚಿಕಿತ್ಸೆಗೆ ಇದನ್ನೇ ಮುಂದಿಡುತ್ತದೆ, ಆದರೆ ಒಂದು ಷರತ್ತಿನೊಂದಿಗೆ: ಶಸ್ತ್ರಚಿಕಿತ್ಸಕರಿಗೆ ಈ ಕೆಲಸದಲ್ಲಿ ಕೈ ಪಳಗಿರಬೇಕು. ಎಲ್ಲ ಆಸ್ಪತ್ರೆಗಳಲ್ಲಿ ಇದು ಸಿಗದಿರುವುದಕ್ಕೆ ಈ ಷರತ್ತೇ ಮುಖ್ಯ ಕಾರಣ.

ಇದರ ಮಿತಿಗಳನ್ನೂ ಹೇಳಲೇಬೇಕು. ಕತ್ತರಿಸುವ ನೋವು ತಿಳಿಯದಿದ್ದರೂ ಎಳೆದಂತೆ, ಒತ್ತಿದಂತೆ ಅನ್ನಿಸುತ್ತದೆ. ಕರುಳಿನ ಚೀಲವನ್ನು ಎಳೆಯುವ ಕ್ಷಣದಲ್ಲಿ ನೋವಾಗಿ, ಔಷಧವನ್ನು ಮತ್ತೆ ಕೊಡಬೇಕಾಗಬಹುದು. ಔಷಧಕ್ಕೆ ತೂಕದ ಲೆಕ್ಕದಲ್ಲಿ ಮಿತಿಯಿದೆ. ಅಡ್ರಿನಲಿನ್ ಬೆರೆತ ಲಿಗ್ನೋಕೇನ್ ಒಂದು ಕಿಲೋಗೆ ಸುಮಾರು 7 ಮಿಲಿಗ್ರಾಂ ದಾಟಬಾರದು. ಅಂದರೆ 50 ಕಿಲೋ ತೂಕದ ಅಜ್ಜನಿಗೆ ಶೇಕಡಾ 1ರ ದ್ರಾವಣ 35 ಮಿಲಿಲೀಟರ್ ಮಾತ್ರ. ಬಡಕಲು ದೇಹದ ಹಿರಿಯರಿಗೆ, ಯಕೃತ್ತು ದುರ್ಬಲವಿದ್ದವರಿಗೆ ಇನ್ನೂ ಕಡಿಮೆ. ವೃಷಣದವರೆಗೆ ಇಳಿದ ದೊಡ್ಡ ಹರ್ನಿಯಾಕ್ಕೆ ಆ ಅಳತೆಯ ಔಷಧ ಸಾಲುವುದಿಲ್ಲ. ಹಿಂದೊಮ್ಮೆ ಆಪರೇಷನ್ ಆಗಿ ಮರಳಿ ಬಂದ ಹರ್ನಿಯಾ, ಅತಿಯಾದ ಬೊಜ್ಜು, ಹೇಳಿದ್ದು ಅರ್ಥವಾಗದಷ್ಟು ಮರೆವು, ಮುಕ್ಕಾಲು ಗಂಟೆ ಅಲುಗಾಡದೆ ಮಲಗಲಾಗದ ಚಡಪಡಿಕೆ ಇದ್ದವರಿಗೂ ಇದು ಒಗ್ಗದು. ಔಷಧ ರಕ್ತಕ್ಕೆ ಹೆಚ್ಚಾಗಿ ಸೇರಿದರೆ ತುಟಿಯ ಸುತ್ತ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಎನ್ನುವುದು, ಬಾಯಿಗೆ ಲೋಹದ ರುಚಿ ಬರುವುದು ಮೊದಲ ಸೂಚನೆಗಳು. ಮಲಗಿದವರು ಅದನ್ನು ಸುಮ್ಮನೆ ಸಹಿಸದೆ ಕೂಡಲೇ ಹೇಳಬೇಕೆಂದು ಮೊದಲೇ ತಿಳಿಸಿರಬೇಕು.

ಎರಡು ವರ್ಷದ ನಂತರ ದೊಡ್ಡಪ್ಪನವರಿಗೆ ಎಡಗಡೆಯೂ ಹರ್ನಿಯಾ ಬಂತು. ಈ ಸಲ ಬೇರೆ ಆಸ್ಪತ್ರೆಯಲ್ಲಿ, ಬೆನ್ನಿನ ಕಥೆಯನ್ನು ಮೊದಲೇ ಹೇಳಿದ್ದರಿಂದ, ಸ್ಥಳೀಯ ಅರಿವಳಿಕೆಯಲ್ಲಿ ಮಾಡಿದರು. ಅರಿವಳಿಕೆ ವೈದ್ಯೆ ತಲೆಯ ಹತ್ತಿರ ಸ್ಟೂಲಿನ ಮೇಲೆ ಕೂತು ಉದ್ದಕ್ಕೂ ಭತ್ತದ ರೇಟು ಮಾತನಾಡಿಸುತ್ತಿದ್ದರಂತೆ. ಜಾಲರಿ ಹೊಲಿದಾದ ಮೇಲೆ ಬಿಗಿ ನೋಡಲೆಂದು ಶಸ್ತ್ರಚಿಕಿತ್ಸಕರು, "ಯಜಮಾನ್ರ, ಒಮ್ಮೆ ಕೆಮ್ಮರಿ ನೋಡೂಣು" ಎಂದಾಗ ಇವರು, "ಎಷ್ಟ್ ಜೋರ್ ಕೆಮ್ಮಲ್ರಿ ಸಾಹೇಬ್ರ?" ಎಂದು ಕೇಳಿದರಂತೆ. ಎಚ್ಚರದಲ್ಲಿರುವ ರೋಗಿಯಿಂದ ಹೀಗೆ ಹೊಲಿಗೆಯನ್ನು ಪರೀಕ್ಷಿಸಿಕೊಳ್ಳಬಹುದಾದದ್ದು ಈ ವಿಧಾನದ ಒಂದು ಅನುಕೂಲ.

ಈ ಮೂರರ ನಡುವೆ ಮಿಶ್ರಣಗಳೂ ಇವೆ. ಸ್ಕ್ಯಾನಿಂಗ್ ಯಂತ್ರದಲ್ಲಿ ನೋಡುತ್ತ ಹೊಟ್ಟೆಯ ಗೋಡೆಯ ನರಗಳಿಗಷ್ಟೇ ಔಷಧ ಕೊಡುವ ಬ್ಲಾಕ್ ಅವುಗಳಲ್ಲೊಂದು. ಇದು ಆಪರೇಷನ್ ನಂತರದ ನೋವಿಗೂ ಒಳ್ಳೆಯದು. ಸ್ಥಳೀಯ ಅರಿವಳಿಕೆಯೊಂದಿಗೆ ಸ್ವಲ್ಪ ಮಂಪರಿನ ಔಷಧ ಕೊಡುವುದೂ ಉಂಟು. ಸ್ವಲ್ಪ ಎಂಬುದನ್ನು ಒತ್ತಿ ಹೇಳುತ್ತೇನೆ. ಮಿಡಜೋಲಾಮ್‌ನಂಥ ಮಂಪರು ಔಷಧ ಹಿರಿಯರ ತಲೆ ಕೆಡಿಸುವುದರಲ್ಲಿ ಮುಂದು, ಅದನ್ನು ಧಾರಾಳವಾಗಿ ಕೊಟ್ಟರೆ ಸ್ಥಳೀಯ ಅರಿವಳಿಕೆಯ ಲಾಭವೇ ಹೋಗುತ್ತದೆ.

ಸನ್ನಿಯ ವಿಷಯ

ಶಸ್ತ್ರಚಿಕಿತ್ಸೆಯ ನಂತರ ಹಿರಿಯರು ಹೊತ್ತು, ಜಾಗ, ಮುಖಗಳನ್ನು ಗುರುತಿಸದೆ ಬಡಬಡಿಸುವುದಕ್ಕೆ ವೈದ್ಯರು ಡೆಲಿರಿಯಂ ಎನ್ನುತ್ತಾರೆ, ನಮ್ಮ ಹಳೆಯ ಮಾತಿನಲ್ಲಿ ಸನ್ನಿ. ನಮ್ಮ ಮನೆಯಲ್ಲಿ ಎಲ್ಲರೂ ಪೂರ್ಣ ಅರಿವಳಿಕೆಯನ್ನೇ ದೂರಿದರು, ನಾನೂ ದೂರಿದೆ. ಅದು ಪೂರ್ತಿ ನ್ಯಾಯವಲ್ಲ ಎಂದು ಆಮೇಲೆ ತಿಳಿಯಿತು. ಸೊಂಟದ ಮೂಳೆ ಮುರಿದ ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ, 1,600 ಜನರ ದೊಡ್ಡ ಅಧ್ಯಯನದಲ್ಲಿ ಸ್ಪೈನಲ್ ಪಡೆದವರಿಗೂ ಪೂರ್ಣ ಅರಿವಳಿಕೆ ಪಡೆದವರಿಗೂ ಸನ್ನಿಯ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕನ್ನಡಕ ಮತ್ತು ಕಿವಿಯ ಯಂತ್ರವನ್ನು ತೆಗೆದಿಟ್ಟಿರುವುದು, ರಾತ್ರಿಯಿಡೀ ಉರಿಯುವ ದೀಪ, ಕಟ್ಟಿದ ಮೂತ್ರ, ತಣಿಯದ ನೋವು, ನಿದ್ರೆಗೆಟ್ಟದ್ದು, ದೇಹದಲ್ಲಿ ನೀರು ಮತ್ತು ಉಪ್ಪಿನ ಏರುಪೇರು ಇವೆಲ್ಲ ಸೇರಿ ಸನ್ನಿಯನ್ನು ಕರೆಯುತ್ತವೆ. ಆದ್ದರಿಂದ ಯಾವ ಅರಿವಳಿಕೆಯೇ ಇರಲಿ, ಕನ್ನಡಕವನ್ನು ಬೇಗ ಹಾಕಿಸಿ, ಮನೆಯ ಪರಿಚಿತ ಮುಖ ಒಂದು ಸದಾ ಹತ್ತಿರವಿರಲಿ, ಹಗಲು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ರಾತ್ರಿ ಮಲಗಲು ಬಿಡಿ. ಈ ಹಿಂದೆ ಸನ್ನಿ ಬಂದಿದ್ದರೆ, ಮರೆವು ಶುರುವಾಗಿದ್ದರೆ, ದಿನವೂ ಸೆರೆ ಕುಡಿಯುವ ಅಭ್ಯಾಸವಿದ್ದರೆ ನಾಚಿಕೊಳ್ಳದೆ ವೈದ್ಯರಿಗೆ ಮೊದಲೇ ಹೇಳಿ.

ನಾಲ್ಕನೆಯ ಹೆಜ್ಜೆ: 'ಫಿಟ್‌ನೆಸ್'ಗೆ ಹೋಗುವಾಗ

ನಮ್ಮ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯರ ಪೂರ್ವತಪಾಸಣೆಯನ್ನು 'ಫಿಟ್‌ನೆಸ್ ತಗೊಂಡು ಬರ್ರಿ' ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ, ಮನೆಯವರೂ ಅದನ್ನು ಸಹಿ ಹಾಕಿಸುವ ಕಾಗದವೆಂದೇ ತಿಳಿಯುತ್ತಾರೆ. ನಿಜಕ್ಕೂ ಅರಿವಳಿಕೆಯ ಆಯ್ಕೆ ಆಗುವುದು ಈ ಹತ್ತು ನಿಮಿಷದಲ್ಲಿ. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇಲ್ಲೆಲ್ಲ ಅರಿವಳಿಕೆಗೆ ಪ್ರತ್ಯೇಕ ವಿಭಾಗವಿದೆ. ಸಣ್ಣ ನರ್ಸಿಂಗ್ ಹೋಂಗಳಿಗೆ ಅರಿವಳಿಕೆ ವೈದ್ಯರು ಹೊರಗಿನಿಂದ ಕರೆ ಬಂದಾಗ ಬಂದು ಹೋಗುವುದುಂಟು. ಅಂಥ ಕಡೆ ಆಪರೇಷನ್ ದಿನ ಬೆಳಿಗ್ಗೆ ಮೇಜಿನ ಮೇಲೆಯೇ ಮೊದಲ ಭೇಟಿ ಆಗದಂತೆ, ಒಂದೆರಡು ದಿನ ಮೊದಲು ಭೇಟಿ ಅಥವಾ ಫೋನಿನಲ್ಲಾದರೂ ಮಾತು ಏರ್ಪಡಿಸಲು ಕೇಳಿ. ಹೃದ್ರೋಗ, ಡಯಾಲಿಸಿಸ್, ಆಮ್ಲಜನಕದ ಅಗತ್ಯ ಇರುವ ಹಿರಿಯರನ್ನು ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೇ ಕರೆದೊಯ್ಯುವುದು ಲೇಸು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಒಯ್ದು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ದಾಖಲಾಗುವ ಮೊದಲೇ ವಿಚಾರಿಸಿ.

ಮನೆಯ ಎಲ್ಲ ಮಾತ್ರೆಗಳನ್ನು, ಪಟ್ಟಿಯನ್ನಲ್ಲ, ಮಾತ್ರೆಗಳನ್ನೇ ಒಂದು ಚೀಲದಲ್ಲಿ ಒಯ್ಯಿರಿ. ನಾಟಿ ಔಷಧದ ಪುಡಿ ಇದ್ದರೆ ಅದೂ ಇರಲಿ. ಅರಿವಳಿಕೆ ವೈದ್ಯರು ಎಲ್ಲಕ್ಕಿಂತ ಹೆಚ್ಚು ಹುಡುಕುವುದು ರಕ್ತ ತೆಳುಮಾಡುವ ಮಾತ್ರೆಗಳನ್ನು. ಕ್ಲೋಪಿಡೋಗ್ರೆಲ್ ನುಂಗುವವರಿಗೆ ಸ್ಪೈನಲ್ ಕೊಡಬೇಕಾದರೆ 5ರಿಂದ 7 ದಿನ, ವಾರ್ಫರಿನ್ ಆದರೆ ಸುಮಾರು 5 ದಿನ ಮೊದಲು ನಿಲ್ಲಿಸಿ ರಕ್ತದ ಪರೀಕ್ಷೆ ನೋಡುತ್ತಾರೆ, ಇಲ್ಲವಾದರೆ ಬೆನ್ನುಹುರಿಯ ಸುತ್ತ ರಕ್ತ ಕಟ್ಟಿ ಕಾಲಿನ ಬಲ ಹೋಗುವ ಅಪಾಯವಿದೆ. ಆಸ್ಪಿರಿನ್ ಒಂದೇ ಇದ್ದರೆ ಸಾಮಾನ್ಯವಾಗಿ ತಡೆಯಿಲ್ಲ. ಆದರೆ ಇವನ್ನು ಓದಿ ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಹೆಚ್ಚು ಕಾಲವಾಗಿಲ್ಲದವರು ಹೇಳದೆ ಕೇಳದೆ ಮಾತ್ರೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡು ಪ್ರಾಣಕ್ಕೇ ಬರುತ್ತದೆ. ಅಂಥವರ ಹರ್ನಿಯಾ ಕೆಲವು ತಿಂಗಳು ಕಾಯಬಹುದೇ, ಕಾಯಲಾಗದಿದ್ದರೆ ಮಾತ್ರೆ ನಿಲ್ಲಿಸದೆ ಸ್ಥಳೀಯ ಅರಿವಳಿಕೆಯಲ್ಲಿ ಮಾಡಬಹುದೇ ಎಂದು ಹೃದ್ರೋಗ ತಜ್ಞರೂ ಶಸ್ತ್ರಚಿಕಿತ್ಸಕರೂ ಕೂಡಿ ನಿರ್ಧರಿಸಬೇಕು.

ಬಿಪಿ ಮಾತ್ರೆಗಳೆಲ್ಲ ಒಂದೇ ಅಲ್ಲ. ಅಟೆನೋಲಾಲ್, ಮೆಟೊಪ್ರೊಲಾಲ್ ಬಗೆಯವನ್ನು ಆಪರೇಷನ್ ದಿನವೂ ಬಿಡಬಾರದು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್‌ನಂಥವನ್ನು ಒತ್ತಡ ಕುಸಿಯುವ ಭಯದಿಂದ ಒಂದು ದಿನ ಮೊದಲೇ ನಿಲ್ಲಿಸಲು ಹೇಳುವವರು ಹೆಚ್ಚು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ನುಂಗುವವರಾದರೆ ಅದನ್ನು ಕನಿಷ್ಠ 3 ದಿನ ಮೊದಲು ನಿಲ್ಲಿಸಬೇಕಾಗುತ್ತದೆ. ಉಪವಾಸದಲ್ಲಿ ಅದು ರಕ್ತವನ್ನು ಆಮ್ಲೀಯಗೊಳಿಸಬಲ್ಲದು, ಸಕ್ಕರೆ ಮಟ್ಟ ಸರಿಯಿದ್ದಾಗಲೂ ಹಾಗಾಗಬಹುದು. ಪ್ರಾಸ್ಟೇಟ್ ಮಾತ್ರೆ, ದಮ್ಮಿನ ಪಂಪು ನಿಲ್ಲಿಸುವಂತಿಲ್ಲ. ಪಂಪನ್ನು ಆಪರೇಷನ್ ಕೊಠಡಿಯ ಬಾಗಿಲವರೆಗೂ ಜೊತೆಗಿಟ್ಟುಕೊಳ್ಳಿ.

ಅರಿವಳಿಕೆ ವೈದ್ಯರು ಬಾಯಿ ತೆರೆಯಲು ಹೇಳಿದಾಗ ಅದೊಂದು ಶಾಸ್ತ್ರವೆಂದು ತಿಳಿಯಬೇಡಿ. ರೋಗಿ ತನ್ನ ಮೂರು ಬೆರಳನ್ನು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಬಲ್ಲನೇ ಎಂಬುದು ಮನೆಯಲ್ಲಿಯೇ ನೋಡಬಹುದಾದ ಪರೀಕ್ಷೆ. ವರ್ಷಗಟ್ಟಲೆ ಗುಟ್ಕಾ, ಅಡಿಕೆ ಜಗಿದವರ ಕೆನ್ನೆಯ ಒಳಪದರ ಬಿಗಿದು ಬಾಯಿ ಒಂದೂವರೆ ಬೆರಳೂ ತೆರೆಯುವುದಿಲ್ಲ. ಅಂಥವರಿಗೆ ಗಂಟಲಿಗೆ ಕೊಳವೆ ಹಾಕುವುದು ಪ್ರಯಾಸದ ಕೆಲಸ. ಬೆನ್ನೂ ಬಿಗಿದು ಬಾಯಿಯೂ ಬಿಗಿದ ಹಿರಿಯರು ನಮ್ಮ ಭಾಗದಲ್ಲಿ ಅಪರೂಪವಲ್ಲ, ಅವರಿಗೆ ಸ್ಥಳೀಯ ಅರಿವಳಿಕೆಯ ಬೆಲೆ ಗೊತ್ತಾಗುವುದು ಆಗಲೇ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲುಸೆಟ್ಟು ಇದ್ದರೂ ಹೇಳಿ. ಎರಡು ಅಂತಸ್ತು ಮೆಟ್ಟಿಲು ನಿಲ್ಲದೆ ಹತ್ತುವರೇ, ಮಲಗಿದರೆ ದಮ್ಮು ಬರುತ್ತದೆಯೇ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತಾರೆ ಎಂಬ ಮೂರು ಉತ್ತರಗಳು ಎಷ್ಟೋ ರಕ್ತಪರೀಕ್ಷೆಗಳಿಗಿಂತ ಹೆಚ್ಚು ತಿಳಿಸುತ್ತವೆ. ಅಜ್ಜ ಎಲ್ಲದಕ್ಕೂ 'ಏನಿಲ್ರೀ, ಆರಾಮ ಅದೀನಿ' ಎನ್ನುತ್ತಾರೆ. ಆ ಮಾತನ್ನು ಅಲ್ಲಿಗೇ ಬಿಡದೆ ಜೊತೆಗೆ ಹೋದವರು ನಿಜ ಹೇಳಬೇಕು.

ಐದನೆಯ ಹೆಜ್ಜೆ: ಕೇಳಬೇಕಾದದ್ದನ್ನು ಕೇಳಿ

ಶಸ್ತ್ರಚಿಕಿತ್ಸಕರನ್ನು ಮೊದಲು ಕೇಳಿ: ಇವರ ಹರ್ನಿಯಾವನ್ನು ಸ್ಥಳೀಯ ಅರಿವಳಿಕೆಯಲ್ಲಿ ಮಾಡಲು ಬರುತ್ತದೆಯೇ, ನೀವು ಹಾಗೆ ಮಾಡುವ ರೂಢಿಯಿದೆಯೇ? 'ಇಲ್ಲ' ಎಂದು ನೇರವಾಗಿ ಹೇಳುವ ವೈದ್ಯರ ಮೇಲೆ ಗೌರವವಿರಲಿ. ರೂಢಿಯಿಲ್ಲದವರಿಂದ ಒತ್ತಾಯಿಸಿ ಮಾಡಿಸಿಕೊಳ್ಳುವುದಕ್ಕಿಂತ ಅವರು ಪಳಗಿದ ವಿಧಾನವೇ ಮೇಲು, ಅಥವಾ ಬೇರೆ ಕಡೆ ಕೇಳಬೇಕು. ಅರಿವಳಿಕೆ ವೈದ್ಯರನ್ನು ಕೇಳಬೇಕಾದದ್ದು: ಈ ದೇಹಕ್ಕೆ ನಿಮ್ಮ ಮೊದಲ ಆಯ್ಕೆ ಯಾವುದು, ಯಾಕೆ, ಅದು ಸಾಧ್ಯವಾಗದಿದ್ದರೆ ಎರಡನೆಯದು ಯಾವುದು, ಸ್ಥಳೀಯ ಅರಿವಳಿಕೆಯಾದರೂ ನೀವು ಕೊಠಡಿಯಲ್ಲಿ ಇರುವಿರಾ? ಕೊನೆಯ ಪ್ರಶ್ನೆಗೆ ಉತ್ತರ 'ಹೌದು' ಎಂದೇ ಇರಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದರಲ್ಲಿ ಅರಿವಳಿಕೆಯ ಬಗೆ ಬರೆದಿರಲಿ, ಹಿರಿಯರಿಗೆ ಓದಿ ಹೇಳಿದ ಮೇಲೆ ಅವರೇ ಸಹಿ ಅಥವಾ ಹೆಬ್ಬೆಟ್ಟು ಹಾಕಲಿ. ಮಗನ ಸಹಿ ಇದ್ದರೆ ಸಾಕೆಂಬ ಅವಸರ ಬೇಡ, ಸೂಜಿ ಬೀಳುವುದು ಅವರ ಮೈಗೆ.

ಆರನೆಯ ಹೆಜ್ಜೆ: ಹಿಂದಿನ ರಾತ್ರಿ ಮತ್ತು ಆ ದಿನ

ಗಟ್ಟಿ ಆಹಾರವನ್ನು 6 ಗಂಟೆ ಮೊದಲು, ಎಣ್ಣೆ ಜಿಡ್ಡಿನದನ್ನು 8 ಗಂಟೆ ಮೊದಲು ನಿಲ್ಲಿಸಬೇಕು. ಬೆಳಿಗ್ಗೆ ಆಸ್ಪತ್ರೆಯ ಎದುರಿನ ಬಂಡಿಯಲ್ಲಿ ಒಗ್ಗರಣೆ ಮಿರ್ಚಿ ತಿಂದು, 'ಸ್ವಲ್ಪೇ ತಿಂದೀನ್ರಿ' ಎಂದವರ ಆಪರೇಷನ್ ಮುಂದೆ ಹೋಗುವುದು ಸಹಜವೇ. ಹಾಲು ಹಾಕಿದ ಚಹಾ ಆಹಾರದ ಲೆಕ್ಕಕ್ಕೇ ಬರುತ್ತದೆ. ಆದರೆ ಸಾದಾ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದೆಂಬುದು ಇಂದಿನ ಒಪ್ಪಿತ ನಿಯಮ, ರಾತ್ರಿ ಹತ್ತರಿಂದಲೇ ಹನಿ ನೀರೂ ಕೊಡದೆ ಮರುದಿನ ಮಧ್ಯಾಹ್ನದವರೆಗೆ ಕಾಯಿಸುವುದು ಹಿರಿಯರಿಗೆ ಕೇಡು. ಎಷ್ಟು ಗಂಟೆಯವರೆಗೆ ನೀರು ಕೊಡಬಹುದೆಂದು ವಾರ್ಡಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಸ್ಥಳೀಯ ಅರಿವಳಿಕೆ ಎಂದಿದ್ದರೂ ಉಪವಾಸ ತಪ್ಪಿಸುವಂತಿಲ್ಲ, ಅಗತ್ಯ ಬಿದ್ದರೆ ಪೂರ್ಣ ಅರಿವಳಿಕೆಗೆ ಹೊರಳಬೇಕಾಗುತ್ತದೆ. ಒಳಗೆ ಹೋಗುವ ಮುನ್ನ ಮೂತ್ರ ವಿಸರ್ಜನೆ ಮಾಡಿಸಿ.

ಏಳನೆಯ ಹೆಜ್ಜೆ: ಹೊರಗೆ ಬಂದ ಮೇಲೆ

ಸ್ಪೈನಲ್ ಆಗಿದ್ದರೆ ಕಾಲಿನ ಬಲ ಪೂರ್ತಿ ಮರಳುವವರೆಗೆ ಇಳಿಸಬೇಡಿ. ಸ್ಥಳೀಯ ಅರಿವಳಿಕೆಯಲ್ಲೂ ಒಂದು ಎಚ್ಚರ ಬೇಕು: ಔಷಧ ಕೆಲವೊಮ್ಮೆ ತೊಡೆಯ ನರಕ್ಕೂ ಹರಡಿ ಮೊಣಕಾಲು ಕೆಲವು ಗಂಟೆ ಸೋಲುತ್ತದೆ. ಚೆನ್ನಾಗಿ ಮಾತನಾಡುತ್ತಿದ್ದಾರೆಂದು ಒಬ್ಬರನ್ನೇ ಶೌಚಾಲಯಕ್ಕೆ ಕಳಿಸಿದರೆ ಬಿದ್ದು ಸೊಂಟ ಮುರಿದುಕೊಳ್ಳುವುದು ಹರ್ನಿಯಾಕ್ಕಿಂತ ದೊಡ್ಡ ಗಂಡಾಂತರ. ಮೊದಲ ಸಲ ಇಬ್ಬರು ಹಿಡಿದು ನಿಲ್ಲಿಸಿ. ಆರು ಗಂಟೆಯಾದರೂ ಮೂತ್ರವಾಗದೆ ಕಿಬ್ಬೊಟ್ಟೆ ಬಿಗಿದಿದ್ದರೆ ಸಿಸ್ಟರ್‌ಗೆ ತಿಳಿಸಿ. ಹನಿಹನಿ ಬೀಳುತ್ತಿದ್ದರೂ ಒಳಗೆ ಕಟ್ಟಿರಬಹುದು. ನೋವಿಗೆ ಪ್ಯಾರಾಸಿಟಮಾಲ್ ಹೊತ್ತಿಗೆ ಸರಿಯಾಗಿ ಕೊಡುವುದು, ನೋವು ಏರಿದ ಮೇಲೆ ಹುಡುಕಾಡುವುದಕ್ಕಿಂತ ಮೇಲು. ಕಿಡ್ನಿ ದುರ್ಬಲವಿದ್ದವರಿಗೆ ಡೈಕ್ಲೋಫೆನಾಕ್ ಇಂಜೆಕ್ಷನ್ ಬೇಡವೆಂದು ನೆನಪಿಸಿ. ಮಲಬದ್ಧತೆ ಆಗದಂತೆ ನೀರು, ಹಣ್ಣು, ಬೇಕಾದರೆ ಔಷಧ ಇರಲಿ, ತಿಣುಕಿದರೆ ಹೊಲಿಗೆಗೆ ಭಾರ. ಜ್ವರ, ಉಬ್ಬಸ, ಎದೆನೋವು, ಕಾಲಿನ ಊತ, ಮೊದಲ ದಿನದ ನಂತರವೂ ಕಾಲಿನ ಮರಗಟ್ಟುವಿಕೆ ಇವು ತಕ್ಷಣ ಆಸ್ಪತ್ರೆಗೆ ಮರಳಬೇಕಾದ ಸೂಚನೆಗಳು.

ಮನೆಗೆ ಕಳಿಸುವ ಚೀಟಿಯಲ್ಲಿ ಯಾವ ಅರಿವಳಿಕೆ ಕೊಟ್ಟರು, ಏನು ತೊಡಕಾಯಿತು ಎಂದು ಬರೆಸಿಕೊಳ್ಳಿ. ಹೆಚ್ಚಿನ ಚೀಟಿಗಳಲ್ಲಿ ಆಪರೇಷನ್ ಹೆಸರು ಇರುತ್ತದೆ, ಅರಿವಳಿಕೆಯ ಸಾಲು ಖಾಲಿ. ದೊಡ್ಡಪ್ಪನವರ ಮೊದಲ ಚೀಟಿಯಲ್ಲಿ ಆ ಸಾಲನ್ನು ಬರೆಸಲು ನಾನು ಮೂರು ಸಲ ವಾರ್ಡಿಗೂ ಆಪರೇಷನ್ ಕೊಠಡಿಗೂ ಅಲೆದೆ. 'ಸ್ಪೈನಲ್ ನಾಲ್ಕು ಪ್ರಯತ್ನ, ಆಗಲಿಲ್ಲ; ಬೆನ್ನು ಬಿಗಿ; ಪೂರ್ಣ ಅರಿವಳಿಕೆ; ನಂತರ ಸನ್ನಿ' ಎಂದು ಕೊನೆಗೆ ಕಿರಿಯ ವೈದ್ಯರೊಬ್ಬರು ನೀಲಿ ಪೆನ್ನಿನಲ್ಲಿ ಗೀಚಿ ಕೊಟ್ಟರು. ಎರಡು ವರ್ಷದ ನಂತರ ಎರಡನೆಯ ಆಸ್ಪತ್ರೆಯ ಅರಿವಳಿಕೆ ವೈದ್ಯೆ ಫೈಲಿನಲ್ಲಿ ಮೊದಲು ಬೆರಳಿಟ್ಟು ಓದಿದ್ದು ಆ ಸಾಲನ್ನೇ.